ಮಕ್ಕಳನ್ನ ಬಿಟ್ಟು ಎಲ್ಲಿಗೆ ಓಡೋದು?

ನಮಸ್ಕಾರ ಎಲ್ರಿಗೂ. ಅಮೆರಿಕದ ಗುಲಾಮಗಿರಿ ವಿಷಯ ಬಂದಾಗೆಲ್ಲ ಯಾರಾದ್ರೂ ಕೇಳೇ ಕೇಳ್ತಾರೆ, ಅಷ್ಟು ಹಿಂಸೆ ಇದ್ರೆ ಓಡಿ ಹೋಗ್ಬಹುದಿತ್ತಲ್ಲ ಅಂತ. ನಂಗೆ ಈ ಮಾತು ಕೇಳಿದ್ರೆ ಸಂಕಟ ಆಗುತ್ತೆ, ಯಾಕಂದ್ರೆ ಕೇಳೋರ ತಲೇಲಿ ಇರೋದು ಒಬ್ಬ ಒಂಟಿ ಗಂಡಸು. ಕಂಕುಳಲ್ಲಿ ಮಗು ಇರೋ ಹೆಂಗಸು ಎಲ್ಲಿಗೆ ಓಡ್ಬೇಕು?

1662ರಲ್ಲಿ ವರ್ಜೀನಿಯಾದಲ್ಲಿ ಒಂದು ಕಾನೂನು ಮಾಡಿದ್ರು, ತಾಯಿ ಗುಲಾಮಳಾದ್ರೆ ಮಗೂನೂ ಗುಲಾಮ. ಅಪ್ಪ ಆ ಮಾಲೀಕನೇ ಆಗಿದ್ರೂ ಅಷ್ಟೇ. ಬೇರೆ ಕಡೇನೂ ಇದೇ ನಡೀತು. ಅಂದ್ರೆ ಆ ಹೆಂಗಸ್ರು ಹೆತ್ತಿದ್ದೆಲ್ಲ ಇನ್ನೊಬ್ಬರ ಆಸ್ತಿ.

ಈಗ ನಾರ್ತ್ ಕೆರೊಲಿನಾದ ಈಡೆಂಟನ್ ಅನ್ನೋ ಊರಿನ ಮಾಲಿ ಹಾರ್ನಿಬ್ಲೋ ಕಥೆ ಕೇಳಿ. ಇವಳಮ್ಮನಿಗೆ ಒಂದ್ಸಲ ಬಿಡುಗಡೆ ಸಿಕ್ಕಿತ್ತು, ಯಜಮಾನ ಸಾಯೋವಾಗ ಮಕ್ಕಳ ಸಮೇತ ಬಿಟ್ಟಿದ್ದ, ಆದ್ರೆ ಬ್ರಿಟಿಷರ ವಿರುದ್ಧ ನಡೆದ ಸ್ವಾತಂತ್ರ್ಯ ಯುದ್ಧದ ಟೈಮಲ್ಲಿ ದಾರೀಲಿ ಹಿಡಿದು ವಾಪಸ್ ಮಾರಿಬಿಟ್ರು. ಮಾಲಿ ದಿನವಿಡೀ ಮನೆಗೆಲಸ ಮುಗಿಸಿ ಮಧ್ಯರಾತ್ರಿ ಬಿಸ್ಕತ್ತು ಬೇಯಿಸಿ ಮಾರ್ತಿದ್ಲು, ಮಕ್ಕಳನ್ನ ಕೊಂಡ್ಕೋಬೇಕು ಅಂತ. ಹೌದು, ಸ್ವಂತ ಮಕ್ಕಳನ್ನ. ಹಂಗೆ 300 ಡಾಲರ್ ಕೂಡಿಟ್ಲು, ಯಜಮಾನಿ ಸಾಲ ಕೇಳಿದ್ಲು, ಕೊಟ್ಲು, ಯಜಮಾನಿ ಸತ್ತು ಹೋದ್ಲು, ದುಡ್ಡು ವಾಪಸ್ ಬರ್ಲಿಲ್ಲ, ಗುಲಾಮಳಿಗೆ ಆಸ್ತಿ ಹಕ್ಕೇ ಇಲ್ಲ ಅಂದ್ಮೇಲೆ ಯಾರನ್ನ ಕೇಳ್ತಾಳೆ?

ಆಮೇಲೆ ಅವಳನ್ನೇ ಮಾರೋಕೆ ಹೊರಟ್ರು. ಬಿಡುಗಡೆ ಮಾಡ್ತೀನಿ ಅಂತ ಯಜಮಾನಿ ಮಾತು ಕೊಟ್ಟಿದ್ದು ಊರಿಗೆಲ್ಲ ಗೊತ್ತಿತ್ತು, ಅದಕ್ಕೆ ಯಜಮಾನಿಯ ಅಳಿಯ, ನಾರ್ಕಮ್ ಅನ್ನೋ ಡಾಕ್ಟರ್ ಗುಟ್ಟಾಗಿ ಮಾರೋಣ ಅಂದ್ಕೊಂಡ, ಇವಳು ಒಪ್ಪಲಿಲ್ಲ, ಎಲ್ಲರ ಮುಂದೆ ಹರಾಜಿನ ಕಟ್ಟೆ ಹತ್ತಿ ನಿಂತ್ಲು. ಜನ ನಾಚಿಕೆಯಾಗ್ಬೇಕು ಅಂತ ಕೂಗಿದ್ರು, ಯಾರೂ ಬಿಡ್ ಮಾಡ್ಲಿಲ್ಲ. ಕೊನೆಗೆ ಒಬ್ಬ ಮುದುಕಿ 50 ಡಾಲರಿಗೆ ಕೊಂಡ್ಲು, ಬಿಡುಗಡೆಗೆ ಅಂತಾನೇ. ಮಾಲಿ ಆಮೇಲೆ ದುಡಿದು ಒಬ್ಬ ಮಗನನ್ನ ಕೊಂಡು ಬಿಡಿಸಿಕೊಂಡ್ಲು. ಇದಕ್ಕಿಂತ ದೊಡ್ಡ ಹೋರಾಟ ಇನ್ಯಾವುದು ಹೇಳಿ?

ಇವಳ ಮೊಮ್ಮಗಳೇ ಹ್ಯಾರಿಯೆಟ್ ಜೇಕಬ್ಸ್, ಹುಟ್ಟಿದ್ದು 1813. ಆರು ವರ್ಷಕ್ಕೆ ಅಮ್ಮ ಹೋದ್ಲು, ಕೆಲವು ವರ್ಷ ಆದ್ಮೇಲೆ ಹುಡುಗಿ ನಾರ್ಕಮ್ ಮನೆ ಪಾಲಾದ್ಲು. ಅವನ ಕಾಟ ಎಂಥದ್ದು ಅಂತ ನಾನು ಬಿಡಿಸಿ ಹೇಳಲ್ಲ. ತನ್ನಿಬ್ಬರು ಮಕ್ಕಳನ್ನ ತೋಟದ ದುಡಿಮೆಗೆ ಹಾಕ್ತಾನೆ ಅಂತ ಗೊತ್ತಾದಾಗ 1835ರಲ್ಲಿ ತಪ್ಪಿಸಿಕೊಂಡ್ಲು, ತಾನಿಲ್ಲದಿದ್ರೆ ಮಕ್ಕಳನ್ನ ಮಾರಿಬಿಡ್ತಾನೆ, ಅವರಪ್ಪ (ನಾರ್ಕಮ್ ಅಲ್ಲ, ಊರಿನ ಇನ್ನೊಬ್ಬ ಬಿಳಿಯ) ಕೊಂಡ್ಕೋತಾನೆ ಅನ್ನೋದು ಅವಳ ಲೆಕ್ಕ, ಅದು ಸರಿಯಾಗೇ ಆಯ್ತು, ಮಕ್ಕಳು ಮಾಲಿ ಮನೆಗೇ ಬಂದ್ವು.

ಅವಳು ಓಡಿ ಹೋಗಿದ್ದು ಎಷ್ಟು ದೂರ ಗೊತ್ತಾ? ಸ್ವಲ್ಪ ದಿನ ಅಲ್ಲಿ ಇಲ್ಲಿ ಅಡಗಿದ್ಲು, ಆಮೇಲೆ ಅಜ್ಜಿ ಮನೆ ಉಗ್ರಾಣದ ಅಟ್ಟ. ಒಂಬತ್ತು ಅಡಿ ಉದ್ದ, ಏಳು ಅಡಿ ಅಗಲ, ಎತ್ತರ ಮೂರೇ ಅಡಿ, ನಿಲ್ಲೋಕಾಗಲ್ಲ, ಬೆಳಕಿಲ್ಲ, ಮಳೆಗೆ ಸೋರುತ್ತೆ, ಇಲಿಗಳು ಓಡಾಡ್ತವೆ. ಅಲ್ಲಿ ಸುಮಾರು ಏಳು ವರ್ಷ. ಗೋಡೇಲಿ ಸಣ್ಣ ತೂತು ಕೊರೆದು ಕೆಳಗೆ ಆಡೋ ಮಕ್ಕಳನ್ನ ನೋಡ್ತಿದ್ಲು, ಅಮ್ಮ ಮೇಲಿದ್ದಾಳೆ ಅಂತ ಅವಕ್ಕೆ ಯಾರೂ ಹೇಳಿರ್ಲಿಲ್ಲ.

1842ರಲ್ಲಿ ಹಡಗು ಹತ್ತಿ ಗುಲಾಮಗಿರಿ ಇಲ್ಲದ ಉತ್ತರದ ರಾಜ್ಯಗಳಿಗೆ ಹೋದ್ಲು, ಆದ್ರೆ ಅಲ್ಲಿಂದಲೂ ಹಿಡಿದು ವಾಪಸ್ ಕರ್ಕೊಂಡ್ಹೋಗೋ ಭಯ ಇತ್ತು, 1852ರಲ್ಲಿ ಅವಳ ಸ್ನೇಹಿತೆಯೊಬ್ಬಳು ದುಡ್ಡು ಕೊಟ್ಟು ಬಿಡಿಸಿದ್ಲು. ಎಷ್ಟು? 300 ಡಾಲರ್. ಅಜ್ಜಿಗೆ ಮೋಸ ಮಾಡಿದ್ರಲ್ಲ, ಅಷ್ಟೇ. ಹ್ಯಾರಿಯೆಟ್‌ಗೆ ಇದರಲ್ಲಿ ಅವಮಾನ ಆಯ್ತು, ತಾನು ಮಾರಾಟದ ವಸ್ತು ಅಂತ ಮತ್ತೆ ಕಾಗದದಲ್ಲಿ ಬರೆಸಿಕೊಂಡ ಹಾಗೆ. ತನ್ನ ಜೀವನವನ್ನ ಬೇರೆ ಹೆಸರಲ್ಲಿ ಬರೆದು 1861ರಲ್ಲಿ ಪುಸ್ತಕವಾಗಿ ತಂದ್ಲು, ಅದರ ಕೊನೇಲೂ ಮಕ್ಕಳ ಜೊತೆ ಸ್ವಂತ ಮನೇಲಿ ಕೂರೋ ಕನಸು ಇನ್ನೂ ನನಸಾಗಿಲ್ಲ ಅಂತಾಳೆ. ಇದೆಲ್ಲ ಕಟ್ಟುಕಥೆ, ಯಾರೋ ಬಿಳಿ ಹೆಂಗಸು ಬರೆದಿದ್ದು ಅಂತ ಬಹಳಷ್ಟು ಪಂಡಿತರು ನಂಬಿದ್ರು, 1980ರ ದಶಕದಲ್ಲಿ ಜೀನ್ ಫೇಗನ್ ಯೆಲಿನ್ ಅನ್ನೋ ಸಂಶೋಧಕಿ ಪತ್ರಗಳನ್ನ, ದಾಖಲೆಗಳನ್ನ ಹುಡುಕಿ ತೋರಿಸೋವರೆಗೂ. ಅಷ್ಟು ಅನುಭವಿಸಿ ಬರೆದವಳನ್ನೇ ನಂಬದೆ ಹೋದ್ರಲ್ಲ, ನಂಗೆ ನಿಜಕ್ಕೂ ಸಿಟ್ಟು ಬರುತ್ತೆ.

1864ರಲ್ಲಿ ಅಮೆರಿಕದ ಉತ್ತರ, ದಕ್ಷಿಣ ರಾಜ್ಯಗಳ ನಡುವಿನ ಅಂತರ್ಯುದ್ಧ ಇನ್ನೂ ನಡೀತಿರೋವಾಗ್ಲೇ ಹ್ಯಾರಿಯೆಟ್ ಮತ್ತೆ ಮಗಳು ಲೂಯಿಸಾ ವರ್ಜೀನಿಯಾದ ಅಲೆಕ್ಸಾಂಡ್ರಿಯಾದಲ್ಲಿ ಬಿಡುಗಡೆಯಾದವರ ಮಕ್ಕಳಿಗೆ ಒಂದು ಶಾಲೆ ಶುರು ಮಾಡಿದ್ರು. ಬಿಳಿ ಮಿಷನರಿಗಳು ನಾವೇ ನಡೆಸ್ತೀವಿ ಅಂತ ಬಂದ್ರು, ಅಲ್ಲಿನ ಕಪ್ಪು ಜನ ಬೇಡ, ಇದು ನಮ್ಮ ಶಾಲೆ ಅಂದ್ರು, ಲೂಯಿಸಾನೇ ಟೀಚರ್ ಆದ್ಲು.