ಕಟ್ಟುವುದಕ್ಕೆ ಕೊಡುವ ಕೂಲಿ

ಕೇಳುಗರೆಲ್ಲರಿಗೂ ನಮಸ್ಕಾರ.

ಆಷಾಢ ಕಳೆದು ಶ್ರಾವಣ ಹುಟ್ಟಿದ ಮೊದಲ ವಾರದಲ್ಲಿ ನಮ್ಮ ತುಮಕೂರಿನ ಬೀದಿಗಳನ್ನು ಒಮ್ಮೆ ಸುತ್ತಿ ಬಂದರೆ, ಸಿದ್ಧಗಂಗಾ ಬಡಾವಣೆಯಿಂದ ಹಿಡಿದು ಬಟವಾಡಿ, ಕ್ಯಾತ್ಸಂದ್ರದವರೆಗೆ ಯಾವುದಾದರೊಂದು ಮನೆಯ ಮುಂದೆ ಮಂಚದ ಕಾಲು, ಸುತ್ತಿದ ಹಾಸಿಗೆ, ತಲೆಕೆಳಗಾದ ಪ್ಲಾಸ್ಟಿಕ್ ಕುರ್ಚಿಗಳನ್ನು ಹೊತ್ತ ಪುಟ್ಟ ಟಾಟಾ ಏಸ್ ಗಾಡಿಯೊಂದು ನಿಂತಿರುವುದು ಕಣ್ಣಿಗೆ ಬೀಳುತ್ತದೆ. ಆಷಾಢದಲ್ಲಿ ಮನೆ ಬದಲಿಸಬಾರದೆಂದು ತಡೆದು ನಿಂತವರೆಲ್ಲ ಒಟ್ಟಿಗೆ ಹೊರಡುವ ಕಾಲ ಅದು. ಮಕ್ಕಳ ಶಾಲೆಗೆ ರಜೆ ಇರುವ ಏಪ್ರಿಲ್, ಮೇ ತಿಂಗಳುಗಳು ಇನ್ನೊಂದು ಕಾಲ. ಆ ದಿನಗಳಲ್ಲಿ ಸಾಮಾನು ಕಟ್ಟಿ ಸಾಗಿಸಿಕೊಡುವ ವೃತ್ತಿಯವರಿಗೆ ಉಸಿರಾಡಲು ಬಿಡುವಿರುವುದಿಲ್ಲ. ಅವರ ದರವೂ ಏರಿರುತ್ತದೆ. ಊರಿನವರ ಬಾಯಲ್ಲಿ ‘ಪ್ಯಾಕರ್ಸ್’ ಎಂದೇ ಹೆಸರಾಗಿರುವ ಈ ಜನರ ಕೆಲಸ ಎಂಥದು, ಅವರಿಗೆ ಯಾವುದನ್ನು ಒಪ್ಪಿಸಬೇಕು, ಯಾವುದನ್ನು ಒಪ್ಪಿಸಬಾರದು ಎಂಬುದು ನನ್ನ ಇಂದಿನ ವಿಷಯ.

ಬ್ಯಾಂಕಿನ ನೌಕರಿಯಲ್ಲಿದ್ದ ನಾನು ವರ್ಗಾವಣೆಗಳ ಕಾರಣದಿಂದ ಎಂಟು ಬಾರಿ ಮನೆ ಬದಲಿಸಿದ್ದೇನೆ. ಮೊದಲ ಆರು ಬಾರಿ ಎಲ್ಲವನ್ನೂ ನಾವೇ ಕಟ್ಟಿದೆವು. ಕಿರಾಣಿ ಅಂಗಡಿಯಿಂದ ಬೇಡಿ ತಂದ ಬಿಸ್ಕತ್ತಿನ ಪೆಟ್ಟಿಗೆಗಳು, ಅಕ್ಕಿಯ ಖಾಲಿ ಚೀಲಗಳು, ತೆಂಗಿನ ನಾರಿನ ಹಗ್ಗ, ಇಷ್ಟೇ ನಮ್ಮ ಬಂಡವಾಳ. ಕೊನೆಯ ಎರಡು ಬಾರಿ ಹಣ ಕೊಟ್ಟು ಕಟ್ಟಿಸಿದೆವು. ಅವೆರಡರಲ್ಲಿ ಒಮ್ಮೆ ಮೋಸಹೋದೆ, ಇನ್ನೊಮ್ಮೆ ಕೊಟ್ಟ ಹಣಕ್ಕೆ ಮೀರಿದ ನೆಮ್ಮದಿ ಪಡೆದೆ. ಆದ್ದರಿಂದ ಈ ವೃತ್ತಿಯನ್ನು ಹೊಗಳುವವರ ಮಾತೂ ತೆಗಳುವವರ ಮಾತೂ ನನಗೆ ಸಮವಾಗಿಯೇ ಅರ್ಥವಾಗುತ್ತವೆ.

‘ಹೊರಪೇಟೆಯಿಂದ ಶೆಟ್ಟಿಹಳ್ಳಿಗೆ ಹೋಗುವುದಕ್ಕೆ ಪ್ಯಾಕರ್ಸ್ ಏಕೆ, ಮೂರು ಮೈಲಿಯೂ ಇಲ್ಲ’ ಎಂದು ನಮ್ಮಲ್ಲಿ ಅನೇಕರು ಕೇಳುತ್ತಾರೆ. ಇದು ಸಾಗಣೆಯ ಲೆಕ್ಕವೇ ಹೊರತು ಕಟ್ಟುವ ಕೆಲಸದ ಲೆಕ್ಕವಲ್ಲ. ಒಂದು ಗಾಜಿನ ಜಾಡಿ ಒಡೆಯುವುದು ಹೆಚ್ಚಾಗಿ ಹೆದ್ದಾರಿಯಲ್ಲಲ್ಲ. ಮಹಡಿಯ ಮೆಟ್ಟಿಲಿಳಿಯುವಾಗ, ಗಾಡಿಯೊಳಕ್ಕೆ ಎತ್ತಿಕೊಡುವಾಗ, ಮೇಲಿನ ಪೆಟ್ಟಿಗೆ ಕೆಳಗಿನದರ ಮೇಲೆ ಕುಸಿದಾಗ. ಈ ಮೂರೂ ಪಕ್ಕದ ಬೀದಿಗೆ ಹೋದರೂ ತಪ್ಪಿದ್ದಲ್ಲ, ಇಲ್ಲಿಂದ ಎಪ್ಪತ್ತು ಕಿಲೋಮೀಟರಿನ ಬೆಂಗಳೂರಿಗೆ ಹೋದರೂ ತಪ್ಪಿದ್ದಲ್ಲ. ದೂರ ಹೆಚ್ಚಿದಂತೆ ಗಾಡಿಯ ಬಾಡಿಗೆ ಹೆಚ್ಚುತ್ತದೆ. ಕಟ್ಟುವ ಶ್ರಮ ಇದ್ದಷ್ಟೇ ಇರುತ್ತದೆ. ನಾವು ಕೊಡುವ ಹಣದಲ್ಲಿ ಗಾಡಿಯ ಬಾಡಿಗೆ ಎಷ್ಟು, ಕಟ್ಟುವವರ ಕೂಲಿ ಎಷ್ಟು, ಪೆಟ್ಟಿಗೆ ಮೊದಲಾದ ಸಾಮಗ್ರಿಯ ಬೆಲೆ ಎಷ್ಟು ಎಂದು ಬಿಡಿಸಿ ಕೇಳಿದರೆ ಈ ವ್ಯತ್ಯಾಸ ಸ್ಪಷ್ಟವಾಗುತ್ತದೆ.

ಹಾಗೆ ನೋಡಿದರೆ ಈ ವಿದ್ಯೆ ನಮಗೆ ಹೊಸದೂ ಅಲ್ಲ. ಬಳೆಗಾರರು ನೂರಾರು ಗಾಜಿನ ಬಳೆಗಳನ್ನು ಮಲಾರದಲ್ಲಿ ಹೊತ್ತು ಊರೂರು ತಿರುಗುತ್ತಿದ್ದರು. ಬಳೆಗಳನ್ನು ಬಿಗಿಯಾಗಿ ಸಾಲುಗಟ್ಟಿ ಹುರಿಯಲ್ಲಿ ಕಟ್ಟಿದ್ದರಿಂದ ಒಂದಕ್ಕೊಂದು ತಾಗಿ ಒಡೆಯಲು ಅಲ್ಲಿ ಜಾಗವೇ ಇರುತ್ತಿರಲಿಲ್ಲ. ಕುಂಬಾರರು ಗಡಿಗೆ ಗಡಿಗೆಗಳ ನಡುವೆ ಹುಲ್ಲು ತುರುಕಿ ಸಂತೆಗೆ ಗಾಡಿ ಹೂಡುತ್ತಿದ್ದರು. ನಮ್ಮ ತಾಯಿ ದಸರೆಯ ಗೊಂಬೆಗಳನ್ನು ಹಳೆಯ ಸೀರೆಯ ತುಂಡುಗಳಲ್ಲಿ ಸುತ್ತಿ, ಟ್ರಂಕಿನ ಮೂಲೆಮೂಲೆಗೂ ಬಟ್ಟೆ ಒತ್ತಿ, ಮುಚ್ಚಳ ಹಾಕುವ ಮುನ್ನ ಒಮ್ಮೆ ಟ್ರಂಕನ್ನು ಅಲುಗಿಸಿ ಕಿವಿಗೊಟ್ಟು ಕೇಳುತ್ತಿದ್ದರು. ಒಳಗಿನಿಂದ ಸದ್ದು ಬಂದರೆ ಮತ್ತೆ ಬಿಚ್ಚಿ ಕಟ್ಟುತ್ತಿದ್ದರು. ಇಂದು ವೃತ್ತಿಪರ ಕೆಲಸಗಾರರು ರಟ್ಟಿನ ಪೆಟ್ಟಿಗೆಗೆ ಟೇಪು ಹಚ್ಚುವ ಮುನ್ನ ಮಾಡುವ ಪರೀಕ್ಷೆಯೂ ಇದೇ. ವಸ್ತು ಪೆಟ್ಟಿಗೆಯೊಳಗೆ ಅಲುಗಾಡಬಾರದು, ಪೆಟ್ಟಿಗೆ ಗಾಡಿಯೊಳಗೆ ಅಲುಗಾಡಬಾರದು. ಉಳಿದುದೆಲ್ಲ ಇದರ ವಿಸ್ತರಣೆ. ಮಕ್ಕಳು ಪಟಪಟನೆ ಒಡೆದು ಸಂತೋಷಪಡುವ ಆ ಗುಳ್ಳೆಹಾಳೆ ಮೊದಲಿಗೆ ಇದಕ್ಕಾಗಿ ಹುಟ್ಟಿದ್ದೂ ಅಲ್ಲ. 1957ರಲ್ಲಿ ಅಮೆರಿಕದಲ್ಲಿ ಇಬ್ಬರು ಗೋಡೆಗೆ ಅಂಟಿಸುವ ಹೊಸ ಬಗೆಯ ಹಾಳೆ ಮಾಡಹೊರಟು ಸೋತು, ಆ ಸೋಲಿನಿಂದ ಇದನ್ನು ಪಡೆದರು. ನಮ್ಮ ಹಳೆಯ ಸೀರೆಯ ಕೆಲಸವನ್ನೇ ಅದು ಮಾಡುತ್ತಿದೆ.

ಪೆಟ್ಟಿಗೆಯ ವಿಷಯದಲ್ಲಿ ಕೆಲವು ಸೂಕ್ಷ್ಮಗಳಿವೆ. ರಟ್ಟಿನ ಪೆಟ್ಟಿಗೆಗಳಲ್ಲಿ ಮೂರು ಪದರದವು, ಐದು ಪದರದವು, ಏಳು ಪದರದವು ಎಂದು ಬೇರೆ ಬೇರೆ ಇರುತ್ತವೆ. ಬಟ್ಟೆಗೆ ಮೂರು ಪದರ ಸಾಕು, ಪಾತ್ರೆಗೂ ಪುಸ್ತಕಕ್ಕೂ ಐದು ಪದರ ಬೇಕು. ಪುಸ್ತಕಗಳನ್ನು ದೊಡ್ಡ ಪೆಟ್ಟಿಗೆಗೆ ತುಂಬುವುದು ನಾವು ಆರು ಬಾರಿಯೂ ಮಾಡಿದ ತಪ್ಪು. ಇಬ್ಬರು ಹಮಾಲರು ಸೇರಿ ಎತ್ತಿದರೂ ತಳ ಕಿತ್ತು, ನಿಘಂಟುಗಳೆಲ್ಲ ಮೆಟ್ಟಿಲ ಮೇಲೆ ಹರಡಿಕೊಂಡ ದಿನ ಇಂದಿಗೂ ನೆನಪಿದೆ. ಭಾರದ ವಸ್ತುವಿಗೆ ಚಿಕ್ಕ ಪೆಟ್ಟಿಗೆ, ಹಗುರವಾದುದಕ್ಕೆ ದೊಡ್ಡ ಪೆಟ್ಟಿಗೆ. ಪಿಂಗಾಣಿ ತಟ್ಟೆಗಳನ್ನು ಒಂದರ ಮೇಲೊಂದು ಮಲಗಿಸದೆ, ಹಾಳೆ ಸುತ್ತಿ ಅಂಚಿನ ಮೇಲೆ ನಿಲ್ಲಿಸುತ್ತಾರೆ. ಮಲಗಿದ ತಟ್ಟೆಯ ನಡುಭಾಗಕ್ಕೆ ಬೀಳುವ ಭಾರ, ನಿಂತಾಗ ಅಂಚಿಗೆ ಹಂಚಿಹೋಗುತ್ತದೆ. ಪೆಟ್ಟಿಗೆಯನ್ನು ಅರ್ಧ ತುಂಬಿ ಮುಚ್ಚಿದರೂ ಅಪಾಯವೇ, ಏಕೆಂದರೆ ಮೇಲೆ ಇನ್ನೊಂದು ಕುಳಿತೊಡನೆ ಟೊಳ್ಳಾದ ಭಾಗ ಕುಸಿಯುತ್ತದೆ. ಒಳ್ಳೆಯ ಕೆಲಸಗಾರ ಮೇಲಿನ ಖಾಲಿ ಜಾಗಕ್ಕೂ ಮುದುಡಿದ ಕಾಗದ ತುಂಬುತ್ತಾನೆ. ಇದನ್ನು ಮಾಡುತ್ತಾನೋ ಇಲ್ಲವೋ ಎಂದು ಒಂದೆರಡು ಪೆಟ್ಟಿಗೆ ಕಟ್ಟುವಾಗ ನಿಂತು ನೋಡಿದರೆ ಮಿಕ್ಕ ಪೆಟ್ಟಿಗೆಗಳ ಗತಿ ಏನೆಂದು ಊಹಿಸಬಹುದು.

ಯಂತ್ರಗಳ ಮಾತು ಬೇರೆ. ಫ್ರಿಜ್ಜನ್ನು ಹಿಂದಿನ ರಾತ್ರಿಯೇ ಆರಿಸಿ, ಐಸು ಕರಗಿಸಿ, ಒರೆಸಿ ಇಡಬೇಕು; ಸಾಧ್ಯವಾದಷ್ಟೂ ನಿಲ್ಲಿಸಿಯೇ ಒಯ್ಯಬೇಕು. ಮಲಗಿಸಿ ತಂದಿದ್ದರೆ, ಕಂಪ್ರೆಸರಿನ ಎಣ್ಣೆ ತನ್ನ ಜಾಗಕ್ಕೆ ಇಳಿಯುವಂತೆ ಹೊಸ ಮನೆಯಲ್ಲಿ ಕೆಲವು ಗಂಟೆ ಸುಮ್ಮನೆ ನಿಲ್ಲಿಸಿ, ಆಮೇಲೆ ವಿದ್ಯುತ್ ಕೊಡಬೇಕು. ಮುಂಬದಿಯಲ್ಲಿ ಬಾಗಿಲಿರುವ ಬಟ್ಟೆ ಒಗೆಯುವ ಯಂತ್ರಕ್ಕೆ ಕೊಳ್ಳುವಾಗಲೇ ಡ್ರಮ್ಮನ್ನು ಬಿಗಿಯುವ ಸಾಗಣೆ ಬೋಲ್ಟುಗಳು ಬಂದಿರುತ್ತವೆ. ಅವು ಎಲ್ಲಿವೆ ಎಂದು ನೆನಪಿರುವ ಮನೆಯನ್ನು ನಾನು ಈವರೆಗೆ ಕಂಡಿಲ್ಲ. ಹುಡುಕಿ ಹಾಕಿಸುವುದು ಒಳ್ಳೆಯದು. ಟಿ.ವಿ.ಯ ಪರದೆಯನ್ನು ಮಲಗಿಸಬಾರದು. ಎ.ಸಿ. ಬಿಚ್ಚುವ ಮುನ್ನ ಅದರ ಅನಿಲವನ್ನು ಹೊರಗಿನ ಘಟಕದೊಳಕ್ಕೆ ಸೇರಿಸಿ ಮುಚ್ಚುವುದು ಬಲ್ಲವರ ಕೆಲಸ. ಕಟ್ಟುವವರ ಅಂದಾಜುಪಟ್ಟಿಯಲ್ಲಿ ಇದು ಸಾಮಾನ್ಯವಾಗಿ ಸೇರಿರುವುದಿಲ್ಲ, ಆದ್ದರಿಂದ ಮೊದಲೇ ಕೇಳಬೇಕು. ಪುಡಿಮರದ ಹಲಗೆಗಳಿಂದ ಜೋಡಿಸಿದ ಅಗ್ಗದ ಕಪಾಟುಗಳ ಬಗ್ಗೆ ನನ್ನ ಅಭಿಪ್ರಾಯ ಕಟುವಾಗಿದೆ: ಒಮ್ಮೆ ಬಿಚ್ಚಿ ಜೋಡಿಸಿದರೆ ಸ್ಕ್ರೂ ಕೂರುವ ತೂತುಗಳು ಸಡಿಲಾಗುತ್ತವೆ, ಎರಡನೆಯ ಬಾರಿಗೆ ಬಾಗಿಲು ನಿಲ್ಲುವುದಿಲ್ಲ. ಅವುಗಳ ಸಾಗಣೆಗೆ ತೆರುವ ಹಣ ಅವುಗಳ ಬೆಲೆಯನ್ನೇ ಮುಟ್ಟುವುದೂ ಉಂಟು.

ಅಡುಗೆ ಅನಿಲದ ಸಿಲಿಂಡರನ್ನು ಮನೆಸಾಮಾನಿನ ಜೊತೆ ಮುಚ್ಚಿದ ಗಾಡಿಗೆ ಏರಿಸಬಾರದು; ಏರಿಸುತ್ತೇವೆಂದು ಒಪ್ಪುವವರನ್ನು ನಂಬಲೂಬಾರದು. ಬೇರೆ ಊರಿಗೆ ಹೋಗುವವರು ಸಿಲಿಂಡರು, ರೆಗ್ಯುಲೇಟರುಗಳನ್ನು ವಿತರಕರಿಗೆ ಒಪ್ಪಿಸಿ, ಟರ್ಮಿನೇಷನ್ ವೋಚರ್ ಎಂಬ ಚೀಟಿಯನ್ನೂ ಠೇವಣಿಯ ಹಣವನ್ನೂ ಪಡೆದು, ಆ ಚೀಟಿ ತೋರಿಸಿ ಹೊಸ ಊರಿನಲ್ಲಿ ಸಂಪರ್ಕ ಪಡೆಯಬಹುದು. ಒಡವೆ, ನಗದು, ಮನೆಪತ್ರ, ಮಕ್ಕಳ ಅಂಕಪಟ್ಟಿ, ದಿನವೂ ನುಂಗುವ ಮಾತ್ರೆಗಳು ಇವೆಲ್ಲ ನಮ್ಮ ಕೈಚೀಲದಲ್ಲೇ ಇರಬೇಕು. ದೇವರ ಪೆಟ್ಟಿಗೆಯನ್ನೂ ತುಳಸಿಯ ಕುಂಡವನ್ನೂ ನಮ್ಮ ಮನೆಯಲ್ಲಿ ಎಂದೂ ಅನ್ಯರ ಕೈಗೆ ಕೊಟ್ಟಿಲ್ಲ. ಇದಕ್ಕೆ ಕಾರಣ ಹೇಳಲು ಹೋಗುವುದಿಲ್ಲ.

ಇನ್ನು ಮೋಸದ ವಿಷಯ. ಏಳನೆಯ ಬಾರಿ ಮನೆ ಬದಲಿಸುವಾಗ ನಾನು ಫೋನಿನಲ್ಲೇ ದರ ಮಾತನಾಡಿ ಮುಗಿಸಿದ್ದೆ. ಹೇಳಿದ ಮೊತ್ತ ಬೇರೆಯವರಿಗಿಂತ ಬಹಳ ಕಡಿಮೆಯಿತ್ತು, ಅದನ್ನೇ ಜಾಣತನವೆಂದು ತಿಳಿದಿದ್ದೆ. ಹೊಸ ಮನೆಯ ಮುಂದೆ ಗಾಡಿ ನಿಂತ ಮೇಲೆ, ಸಾಮಾನು ಹೇಳಿದ್ದಕ್ಕಿಂತ ಹೆಚ್ಚಿದೆ, ಇ-ವೇ ಬಿಲ್ಲಿಗೆ, ಅಂದರೆ ಸರಕು ಸಾಗಿಸಲು ಜಾಲತಾಣದಲ್ಲಿ ಪಡೆಯುವ ಚೀಟಿಗೆ, ಪ್ರತ್ಯೇಕ ಹಣ ಬೇಕು, ಕೊಡದಿದ್ದರೆ ಇಳಿಸುವುದಿಲ್ಲ ಎಂದರು. ಸಂಜೆಯಾಗಿತ್ತು, ಮೋಡ ಕಟ್ಟಿತ್ತು, ನಮ್ಮ ಇಡೀ ಸಂಸಾರ ಬೀಗ ಹಾಕಿದ ಆ ಗಾಡಿಯೊಳಗಿತ್ತು, ಕೊಟ್ಟೆ. ಬಳಸಿದ ಮನೆಸಾಮಾನಿಗೆ ಜಿ.ಎಸ್.ಟಿ. ನಿಯಮಗಳ ಪ್ರಕಾರ ಇ-ವೇ ಬಿಲ್ಲಿನ ಅಗತ್ಯವೇ ಇಲ್ಲವೆಂದು ನನಗೆ ತಿಳಿದದ್ದು ಆಮೇಲೆ.

ಎಂಟನೆಯ ಬಾರಿಗೆ ಬುದ್ಧಿ ಬಂದಿತ್ತು. ಮನೆಗೆ ಬಂದು ಕಣ್ಣಾರೆ ನೋಡದವರ ದರವನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಬಂದ ಮೇಲ್ವಿಚಾರಕರು ಅಟ್ಟದ ಮೇಲಿನ ಹಿತ್ತಾಳೆ ಹಂಡೆಯಿಂದ ಹಿತ್ತಲಿನ ರುಬ್ಬುವ ಕಲ್ಲಿನವರೆಗೆ ಎಲ್ಲವನ್ನೂ ಬರೆದುಕೊಂಡು, ‘ಅಣ್ಣಾ, ಈ ರಾಗಿ ಡ್ರಮ್ಮು ಖಾಲಿ ಮಾಡಿಸಿ ಕೊಡ್ತೀರೋ, ತುಂಬಿದ್ದೇ ಬರುತ್ತೋ’ ಎಂದು ಕೇಳಿದಾಗಲೇ ಇವರು ಕೆಲಸ ಬಲ್ಲವರೆಂದು ನನಗನ್ನಿಸಿತು. ಅಂದಾಜುಪಟ್ಟಿಯನ್ನು ಬರವಣಿಗೆಯಲ್ಲಿ ಪಡೆದೆ. ಮಹಡಿ ಇಳಿಸುವ, ಏರಿಸುವ ಕೂಲಿ, ಮಂಚ ಬಿಚ್ಚಿ ಜೋಡಿಸುವುದು, ತೆರಿಗೆ ಎಲ್ಲವೂ ಅದರಲ್ಲಿ ಸೇರಿದೆಯೇ ಎಂದು ಒಂದೊಂದಾಗಿ ಕೇಳಿ ಬರೆಸಿದೆ. ಬಿಲ್ಲಿನ ಮೇಲಿನ ಜಿ.ಎಸ್.ಟಿ. ಸಂಖ್ಯೆಯಲ್ಲಿ 15 ಅಕ್ಷರ ಮತ್ತು ಅಂಕಿಗಳಿರುತ್ತವೆ, ಕರ್ನಾಟಕದ್ದಾದರೆ ಅದು 29ರಿಂದ ಆರಂಭವಾಗುತ್ತದೆ, ಅದನ್ನು ಜಿ.ಎಸ್.ಟಿ. ಜಾಲತಾಣದಲ್ಲಿ ಹಾಕಿದರೆ ಯಾರ ಹೆಸರಿನಲ್ಲಿ ನೋಂದಣಿಯಾಗಿದೆ ಎಂದು ತಿಳಿಯುತ್ತದೆ. ಪ್ರಸಿದ್ಧ ಸಂಸ್ಥೆಗಳ ಹೆಸರಿಗೆ ಒಂದಕ್ಷರ ಕೂಡಿಸಿ, ಕಳೆದು ಫಲಕ ಹಾಕಿಕೊಂಡವರು ಇರುವುದರಿಂದ ಈ ಐದು ನಿಮಿಷದ ಕೆಲಸ ವ್ಯರ್ಥವಲ್ಲ.

ವಿಮೆಯ ಹೆಸರಿನಲ್ಲಿ ಹಣ ಕೇಳಿದಾಗ ಎಚ್ಚರವಾಗಿ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ. ಅದು ವಿಮಾ ಕಂಪನಿ ಕೊಡುವ ನಿಜವಾದ ಸಾಗಣೆ ವಿಮೆಯೋ, ಅಥವಾ ಹಾನಿಯಾದರೆ ನಾವು ನೋಡಿಕೊಳ್ಳುತ್ತೇವೆಂಬ ಸಾಗಣೆದಾರರ ಮಾತಿಗೆ ಕಟ್ಟಿದ ಬೆಲೆಯೋ? ಮೊದಲನೆಯದಾದರೆ ವಿಮಾ ಕಂಪನಿಯ ಹೆಸರೂ ಪಾಲಿಸಿ ಸಂಖ್ಯೆಯೂ ಇರುವ ಪತ್ರವನ್ನು ಗಾಡಿ ಹೊರಡುವ ಮುನ್ನವೇ ತೋರಿಸಬಲ್ಲರು. ಹಾನಿಯಾದರೆ ಹಿಡಿಯಬೇಕಾದ ದಾರಿಯೂ ಇದೆ. ಲಾರಿ ರಸೀದಿಯನ್ನು, ಅಂದರೆ ಎಲ್.ಆರ್. ಅನ್ನು, ಪೆಟ್ಟಿಗೆಗಳ ಸಂಖ್ಯಾಪಟ್ಟಿಯೊಂದಿಗೆ ಜೋಪಾನವಾಗಿಡಬೇಕು. ಇಳಿಸುವಾಗಲೇ ಒಡೆದುದನ್ನು ಅದರ ಮೇಲೆ ಬರೆದು ಸಹಿ ಹಾಕಿಸಿ, ಚಿತ್ರ ತೆಗೆದುಕೊಳ್ಳಬೇಕು. 2007ರ ರಸ್ತೆ ಸಾಗಣೆ ಕಾಯ್ದೆಯಂತೆ ಸಾಗಣೆದಾರರ ಮೇಲೆ ದಾವೆ ಹೂಡುವ ಮೊದಲು, ಸರಕು ಬುಕ್ ಮಾಡಿದ ದಿನದಿಂದ 180 ದಿನಗಳೊಳಗೆ ಹಾನಿಯ ಲಿಖಿತ ನೋಟಿಸು ಕೊಟ್ಟಿರಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನಾವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ ದೂರು ಕೊಡಬಹುದು. ತುಮಕೂರಿನವರು ಸಾಗಣೆದಾರರ ಊರಿಗೆ ಅಲೆಯಬೇಕಾಗಿಲ್ಲ. ತೆತ್ತ ಹಣ ಐದು ಲಕ್ಷ ರೂಪಾಯಿ ಮೀರದಿದ್ದರೆ ದೂರಿಗೆ ಶುಲ್ಕವೂ ಇಲ್ಲ. 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆಮಾಡಿಯೂ ಮೊದಲ ಹೆಜ್ಜೆ ಇಡಬಹುದು.

ನಮ್ಮ ಆ ಎಂಟನೆಯ ಸ್ಥಳಾಂತರದಲ್ಲಿ ನಾಲ್ವರು ಹುಡುಗರು ನಾಲ್ಕೂವರೆ ಗಂಟೆಯಲ್ಲಿ ಎರಡು ಕೋಣೆಯ ಮನೆಯನ್ನು 46 ಪೆಟ್ಟಿಗೆಗಳಿಗೆ ಇಳಿಸಿದರು. ನಾನೂ ನನ್ನ ಹೆಂಡತಿಯೂ ಅದನ್ನೇ ಮಾಡಲು ಹಿಂದೆ ಹತ್ತು ದಿನ ತೆಗೆದುಕೊಂಡದ್ದುಂಟು, ಆ ಹತ್ತು ದಿನವೂ ಜಗಳ ತಪ್ಪಿದ್ದಿಲ್ಲ. ಪ್ರತಿ ಪೆಟ್ಟಿಗೆಯ ಮೇಲೆ ಸಂಖ್ಯೆ ಬರೆದು, ಅದು ಹೊಸ ಮನೆಯ ಯಾವ ಕೋಣೆಗೆ ಸೇರಬೇಕೆಂದು ಗುರುತು ಹಾಕಿದ್ದರು. ಒಂದೇ ಒಂದು ಲೋಟ ಒಡೆದಿತ್ತು, ಅದನ್ನೂ ಅವರೇ ತೋರಿಸಿದರು. ಲೋಪವಾದದ್ದು ನನ್ನಿಂದ. ಹೊಸ ಮನೆಯಲ್ಲಿ ಮೊದಲು ಬೇಕಾಗುವ ಸಾಮಾನಿನ ಪೆಟ್ಟಿಗೆಯನ್ನು ಕೊನೆಗೆ ಏರಿಸಿ, ಮೊದಲು ಇಳಿಸುವಂತೆ ಹೇಳಿ ಎಂದು ಮೇಲ್ವಿಚಾರಕರು ಎರಡು ಬಾರಿ ನೆನಪಿಸಿದ್ದರೂ ನಾನು ಮರೆತಿದ್ದೆ. ಹಾಲು ಉಕ್ಕಿಸುವ ಪಾತ್ರೆ ಏಳನೆಯ ಸಂಖ್ಯೆಯ ಪೆಟ್ಟಿಗೆಯಲ್ಲಿ, ಗಾಡಿಯ ತೀರ ಒಳಮೂಲೆಯಲ್ಲಿ, ರಾಗಿ ಡ್ರಮ್ಮಿನ ಹಿಂದೆ ಕುಳಿತಿತ್ತು. ಮುಹೂರ್ತ ಮೀರುತ್ತಿದ್ದುದರಿಂದ ಪಕ್ಕದ ಮನೆಯ ಅಮ್ಮ ತಮ್ಮ ಪಾತ್ರೆಯನ್ನೂ ಕರೆಂಟಿನ ಒಲೆಯನ್ನೂ ತಂದುಕೊಟ್ಟರು. ನಮ್ಮ ಹೊಸ ಮನೆಯ ಮೊದಲ ಹಾಲು ಉಕ್ಕಿದ್ದು ಅವರ ಪಾತ್ರೆಯಲ್ಲಿ.

ನಮಸ್ಕಾರ.