ಬಿಸಿಲಿಲ್ಲದ ಜುಲೈನಲ್ಲಿ ಪಾಲಕ್ ಎಲೆ ತೇಲಿಸೋದು ಹೇಗೆ?

[ದೃಶ್ಯ: ಕಿಟಕಿಯಾಚೆ ಧೋ ಅಂತ ಮಳೆ. ಮೇಜಿನ ಮೇಲೆ ಒಂದು ಕಟ್ಟು ಪಾಲಕ್]

ನಮಸ್ಕಾರ. ಮುಂಬಯಿಯಲ್ಲಿ ಶಾಲೆ ಶುರುವಾಗೋದೇ ಮಳೆ ಜೊತೆಗೆ. ಹೈಡ್ರಿಲಾ ಅನ್ನೋ ನೀರುಗಿಡದ ಮೇಲೆ ಆಲಿಕೆ ಕವುಚಿ ಗುಳ್ಳೆ ಕಾಯೋ ಪ್ರಯೋಗಕ್ಕೆ ಒಳ್ಳೆ ಬಿಸಿಲು ಬೇಕು, ಅದು ಈಗಿಲ್ಲ. ಹಾಗಾದ್ರೆ ಎಲೆ ಆಮ್ಲಜನಕ ಬಿಡೋದನ್ನ ಒಂದೇ ಪೀರಿಯಡ್‌ನಲ್ಲಿ ಮಕ್ಕಳಿಗೆ ಕಣ್ಣಾರೆ ತೋರಿಸೋಕಾಗತ್ತಾ? ಇಲ್ಲಿನ ಕನ್ನಡ ಮಾಧ್ಯಮದ ಶಿಕ್ಷಕರೇ, ಆಗತ್ತೆ. ದ್ಯುತಿಸಂಶ್ಲೇಷಣೆಯ ಸಮೀಕರಣ ನಿಮಗೆ ಗೊತ್ತೇ ಇದೆ, ನೇರ ಕೆಲಸಕ್ಕೆ ಇಳಿಯೋಣ.

ಬೇಕಾದ್ದು ತಾಜಾ ಪಾಲಕ್, ಪೇಪರ್ ಪಂಚ್, ಸೂಜಿ ಇಲ್ಲದ 10 ಮಿ.ಲೀ. ಸಿರಿಂಜ್, ಎರಡು ಗಾಜಿನ ಲೋಟ, ಎಲ್‌ಇಡಿ ಬಲ್ಬ್, ಅಡುಗೆ ಸೋಡಾ. ಕಿರಾಣಿ ಅಂಗಡಿಯಲ್ಲಿ ‘ಖಾಣ್ಯಾಚಾ ಸೋಡಾ’ ಅಂತಲೇ ಕೇಳಿ. ಬಟ್ಟೆ ಒಗೆಯೋ ಸೋಡಾದಲ್ಲಿ ಕ್ಷಾರ ಜಾಸ್ತಿ, ಎಲೆ ಹಾಳಾಗತ್ತೆ.

300 ಮಿ.ಲೀ. ನೀರಿಗೆ ಟೀ ಚಮಚದ ಎಂಟನೇ ಒಂದು ಭಾಗ ಸೋಡಾ, ಸುಮಾರು 0.6 ಗ್ರಾಂ. ಎಲೆಗೆ ಕಾರ್ಬನ್ ಡೈಆಕ್ಸೈಡ್ ಸಿಗೋದು ಇದರಿಂದಲೇ. ಜೊತೆಗೆ ಪಾತ್ರೆ ತೊಳೆಯೋ ಲಿಕ್ವಿಡ್ ಒಂದೇ ಒಂದು ತೊಟ್ಟು, ಎಲೆಯ ಮೇಣದ ಪದರ ಒದ್ದೆಯಾಗಲಿ ಅಂತ. ನೊರೆ ಬಂದ್ರೆ, ಆಮೇಲೆ ನಾವು ಪಂಚ್ ಮಾಡೋ ಎಲೆಯ ಬಿಲ್ಲೆಗಳನ್ನ ಆ ನೊರೆಯೇ ಎತ್ತಿ ಹಿಡಿಯತ್ತೆ, ಲೆಕ್ಕ ತಪ್ಪತ್ತೆ. ಆಗ ಇನ್ನಷ್ಟು ಸೋಡಾ ನೀರು ಸೇರಿಸಿ.

ದಪ್ಪ ನರ ಬಿಟ್ಟು ಹತ್ತು ಬಿಲ್ಲೆ ಪಂಚ್ ಮಾಡಿ ಸಿರಿಂಜಿಗೆ ಹಾಕಿ. 5 ಮಿ.ಲೀ. ದ್ರಾವಣ ಎಳೆದು, ಮೇಲಿನ ಗಾಳಿ ಹೊರಗೆ ತಳ್ಳಿ. ತುದಿಗೆ ಬೆರಳು ಒತ್ತಿ, ಪಿಸ್ಟನ್ ಹಿಂದಕ್ಕೆಳೆದು ಹತ್ತು ಸೆಕೆಂಡ್ ಹಿಡಿದು ಬಿಡಿ.

[ಕ್ಲೋಸ್‌ಅಪ್: ಸಿರಿಂಜ್]

ಇಲ್ಲಿ ಸ್ವಲ್ಪ ನಿಲ್ಲೋಣ, ಇಡೀ ಪ್ರಯೋಗದಲ್ಲಿ ನನಗೆ ತುಂಬಾ ಇಷ್ಟವಾದ ಗಳಿಗೆ ಇದು. ಬಿಲ್ಲೆಯ ಕತ್ತರಿಸಿದ ಅಂಚಿಂದ ಸಾಸಿವೆಗಿಂತ ಚಿಕ್ಕ ಗುಳ್ಳೆಗಳು ಸಾಲಾಗಿ ಹೊರಡ್ತಾವೆ ನೋಡಿ. ಎಲೆಯ ಒಳಗೆ ಸ್ಪಂಜಿನ ಥರ ಗಾಳಿ ಜಾಗಗಳಿವೆ. ಆ ಗಾಳಿ ಈಗ ಹೊರಗೆ. ಪಿಸ್ಟನ್ ಬಿಟ್ಟಾಗ ಅಲ್ಲಿಗೆ ನೀರು ನುಗ್ಗತ್ತೆ, ಬಿಲ್ಲೆ ಕಡು ಹಸಿರಾಗಿ ಮುಳುಗತ್ತೆ. ಎರಡು ಮೂರು ಸಲ ಎಳೆದ್ರೆ ಸಾಕು, ಹೆಚ್ಚು ಎಳೆದ್ರೆ ಜೀವಕೋಶಗಳಿಗೆ ಪೆಟ್ಟು.

ಮುಳುಗಿದ ಬಿಲ್ಲೆಗಳನ್ನ 3 ಸೆಂ.ಮೀ. ಸೋಡಾ ನೀರಿರೋ ಲೋಟಕ್ಕೆ ಸುರಿದು ಹತ್ತಿರ ಬಲ್ಬ್ ಹಿಡಿಯಿರಿ. ಪ್ರತಿ ನಿಮಿಷ, ಎಷ್ಟು ತೇಲಿದ್ವು ಅಂತ ಮಕ್ಕಳೇ ಬರೀಲಿ. ಆಮ್ಲಜನಕ ಒಳಗೆ ತುಂಬಿದ ಹಾಗೆ ಒಂದೊಂದೇ ಬಿಲ್ಲೆ ಅಂಚಿನ ಮೇಲೆ ನಿಂತು, ಅಲುಗಾಡಿ, ಮೇಲೆ ಬರತ್ತೆ. ಇನ್ನೊಂದು ಲೋಟಕ್ಕೂ ಇದೇ ಕ್ರಮ, ಸೋಡಾ ಮಾತ್ರ ಇಲ್ಲ. ಅಲ್ಲಿ ಬಿಲ್ಲೆಗಳು ತಳದಲ್ಲೇ ಉಳೀತಾವೆ. ಈ ಎರಡನೇ ಲೋಟ ದಯವಿಟ್ಟು ಬಿಡಬೇಡಿ, ಅದಿಲ್ಲದೆ ಏನೂ ಸಾಬೀತಾಗಲ್ಲ.

ತೇಲಿದ ಲೋಟವನ್ನ ಕಪ್ಪು ಬಟ್ಟೆಯಲ್ಲಿ ಮುಚ್ಚಿಟ್ರೆ ಬಿಲ್ಲೆಗಳು ನಿಧಾನಕ್ಕೆ ಮತ್ತೆ ಮುಳುಗ್ತಾವೆ, ಉಸಿರಾಟಕ್ಕೆ ಎಲೆಯೇ ಆ ಆಮ್ಲಜನಕ ಬಳಸಿಕೊಳ್ಳತ್ತೆ. ಬೆಳಕಲ್ಲಷ್ಟೇ ಎಲೆ ಆಮ್ಲಜನಕ ಬಿಡತ್ತೆ ಅಂತ ಡಚ್ ವಿಜ್ಞಾನಿ ಇಂಗೆನ್‌ಹೌಸ್ 1779ರಲ್ಲಿ ತೋರಿಸಿದ್ದೂ ಇದನ್ನೇ.

ಸಮಯ ಕಮ್ಮಿ, ಉಳಿದದ್ದು ಬೇಗ ಬೇಗ. ಬಿಸಿಯಾಗೋ ಹಳೇ ಬಲ್ಬ್ ಬೇಡ. ದೊಡ್ಡಪತ್ರೆಯ ರೋಮಗಳಲ್ಲಿ ಗಾಳಿ ಸಿಕ್ಕಿಹಾಕಿಕೊಳ್ಳತ್ತೆ, ಅದೂ ಬೇಡ. ಬಿಲ್ಲೆಗಳು ಒಂದಕ್ಕೊಂದು ಅಂಟಿದ್ರೆ ಲೋಟ ಮೆಲ್ಲಗೆ ತಿರುಗಿಸಿ. ಮುಂದಿನ ಪ್ರಾಜೆಕ್ಟಿಗೆ ಬಣ್ಣದ ಜಿಲೆಟಿನ್ ಕಾಗದಕ್ಕಿಂತ ಬಲ್ಬಿನ ದೂರ ಬದಲಿಸೋದೇ ಮೇಲು. ಕಾಗದ ಬಣ್ಣದ ಜೊತೆ ಬೆಳಕನ್ನೂ ತಗ್ಗಿಸತ್ತೆ, ವ್ಯತ್ಯಾಸ ಯಾವುದರಿಂದ ಬಂತು ಅಂತ ಗೊತ್ತಾಗಲ್ಲ. ಪಾಲಕ್ ಹಿಂದಿನ ಸಂಜೆಯೇ ದಾದರ್ ಮಾರ್ಕೆಟ್ಟಿಂದ ತಂದದ್ದಾದ್ರೆ, ದಂಟು ನೀರಲ್ಲಿ ಅದ್ದಿ ಅರ್ಧ ಗಂಟೆ ಬೆಳಕಲ್ಲಿಟ್ಟು ಆಮೇಲೆ ಪಂಚ್ ಮಾಡಿ.