ಸೋತ ಮೀನು ಎಲ್ಲಿಗೆ ಹೋಗಬೇಕು?

ನಮಸ್ಕಾರ. ನಮ್ಮ ಮನೆಯ ಹಾಲ್‌ನಲ್ಲಿ ಟಿವಿ ಇಡಬೇಕಾಗಿದ್ದ ಜಾಗದಲ್ಲಿ ಒಂದು ಉಪ್ಪುನೀರಿನ ಟ್ಯಾಂಕ್ ಇದೆ. ಮೂರಡಿ ಉದ್ದ, ಅಗಲ ಎತ್ತರ ಒಂದೂವರೆ ಅಡಿ. ಲೆಕ್ಕಕ್ಕೆ 190 ಲೀಟರ್, ಕಲ್ಲು ಮರಳು ಹಾಕಿದ ಮೇಲೆ ಅದಕ್ಕಿಂತ ಕಮ್ಮಿ. ಬಂದವರೆಲ್ಲ ಕೇಳುವುದು ಒಂದೇ ಪ್ರಶ್ನೆ, ಬೆಂಗಳೂರಲ್ಲಿ ಸಮುದ್ರದ ನೀರು ಎಲ್ಲಿಂದ ತರ್ತೀರಿ ಅಂತ. ತರುವುದೇನೂ ಇಲ್ಲ. ಆರ್‌ಓ ನೀರಿಗೆ ಅಕ್ವೇರಿಯಂ ಉಪ್ಪು ಕಲಸಿ, ಲೀಟರಿಗೆ ಹೆಚ್ಚುಕಮ್ಮಿ 35 ಗ್ರಾಂ ಬರುವ ಹಾಗೆ ಮಾಡಿ, 25-26 ಡಿಗ್ರಿ ಶಾಖದಲ್ಲಿಟ್ಟರೆ ಆಯಿತು. ಅದಕ್ಕೆಲ್ಲ ಅಳತೆ ಇದೆ, ಮೀಟರ್ ಇದೆ. ಯಾವ ಮೀನಿನ ಜೊತೆ ಯಾವ ಮೀನು ಬಿಡಬೇಕು ಅನ್ನುವುದಕ್ಕೆ ಮಾತ್ರ ಯಾವ ಮೀಟರೂ ಇಲ್ಲ. ನನ್ನ ದುಡ್ಡು, ನಿದ್ದೆ ಎರಡೂ ಹೋಗಿದ್ದು ಅಲ್ಲೇ.

ನಾನು ಮೊದಲು ತಂದಿದ್ದು ಮೂರು ಪಟ್ಟೆಯ ಡ್ಯಾಮ್ಸೆಲ್. ಬಿಳಿ ಮೈ, ಮೂರು ಕಪ್ಪು ಪಟ್ಟೆ, ಒಂದು ರೂಪಾಯಿ ನಾಣ್ಯದಷ್ಟು ಗಾತ್ರ. ಹೊಸ ಟ್ಯಾಂಕ್‌ನಲ್ಲಿ ಮೀನಿನ ಕೊಳೆ ಅರಗಿಸುವ ಬ್ಯಾಕ್ಟೀರಿಯಾ ಬೆಳೆಯೋಕೆ ಯಾವುದಾದರೂ ಮೀನು ಇರಬೇಕಲ್ಲ ಅಂತ ತಂದೆ. ಅಂಗಡಿಯವನು ಹೇಳಿದ್ದ, "ತಗೊಳ್ಳಿ ಸರ್, ಗಟ್ಟಿ ಮೀನು, ಸಾಯಲ್ಲ." ಸುಳ್ಳು ಹೇಳಲಿಲ್ಲ. ಅದು ಸಾಯಲಿಲ್ಲ, ಆಮೇಲೆ ಬಂದ ಇಬ್ಬರನ್ನು ಸಾಯಿಸಿತು.

ಒಂದೂವರೆ ತಿಂಗಳ ನಂತರ ಕ್ಲೌನ್ ಮೀನಿನ ಜೋಡಿ ತಂದು ಬಿಟ್ಟೆ. ಅಂಗಡಿಯವರು ನೀಮೊ ಅಂತಾರಲ್ಲ, ಅದೇ. ಹತ್ತು ನಿಮಿಷದಲ್ಲಿ ಎರಡೂ ಹೀಟರ್ ಹಿಂದೆ, ಮೇಲಿನ ಮೂಲೆಯಲ್ಲಿ, ಗಾಜಿಗೆ ಅಂಟಿಕೊಂಡ ಹಾಗೆ ನಿಂತವು. ಕೆಳಗೆ ಬಂದರೆ ಡ್ಯಾಮ್ಸೆಲ್ ಬಾಣದ ಹಾಗೆ ಬಂದು ಬಾಲ ಕಚ್ಚುತ್ತಿತ್ತು. ಅಮ್ಮ ನೋಡಿ, "ಪಾಪ, ಹಸಿವಿಗೆ ಜಗಳ ಆಡ್ತಿದೆ ಕಣೋ, ಸ್ವಲ್ಪ ಜಾಸ್ತಿ ಹಾಕು" ಅಂದರು. ಜಾಸ್ತಿ ಹಾಕಿದೆ. ಎಲ್ಲವನ್ನೂ ಅದೇ ತಿಂದಿತು. ನಾಲ್ಕನೇ ದಿನ ಕ್ಲೌನ್‌ಗಳ ಮೈಮೇಲೆ ಉಪ್ಪು ಉದುರಿಸಿದ ಹಾಗೆ ಬಿಳಿ ಚುಕ್ಕೆ. ಹೆದರಿ ಸೊರಗಿದ ಮೀನಿಗೆ ಈ ರೋಗ ಬಹಳ ಬೇಗ ಏರುತ್ತದೆ. ಔಷಧ ತಾಮ್ರದ್ದು, ಅದನ್ನು ಹವಳ ಇರುವ ಟ್ಯಾಂಕ್‌ಗೆ ಹಾಕುವಂತಿಲ್ಲ, ಸಿಗಡಿ, ಹವಳ ಎಲ್ಲ ಸಾಯುತ್ತವೆ. ಬೇರೆ ಟ್ಯಾಂಕ್ ನನ್ನ ಹತ್ತಿರ ಇರಲಿಲ್ಲ.

ಡ್ಯಾಮ್ಸೆಲ್ ಹಿಡಿಯೋಣ ಅಂದರೆ ಬಲೆ ಕಂಡ ತಕ್ಷಣ ಕಲ್ಲಿನ ತೂತಿನೊಳಗೆ. ಒಂದು ಲೀಟರಿನ ನೀರಿನ ಬಾಟಲಿ ತಗೊಂಡು, ಕತ್ತು ಕತ್ತರಿಸಿ, ತಿರುಗಿಸಿ ಒಳಗೆ ಸಿಕ್ಕಿಸಿ, ಒಂದು ಚೂರು ಸಿಗಡಿ ಹಾಕಿ ಟ್ಯಾಂಕ್ ತಳದಲ್ಲಿಟ್ಟೆ. ಮೊದಲ ದಿನ ಒಂದು ಏಡಿ ಬಂದು ಸಿಗಡಿ ತಿಂದುಕೊಂಡು ಹೋಯಿತು. ಎರಡನೇ ದಿನವೂ ಅದೇ ಏಡಿ. ಡ್ಯಾಮ್ಸೆಲ್ ಬಾಟಲಿ ಹೊರಗೆ ನಿಂತು ನೋಡುತ್ತಿತ್ತು. ಕೊನೆಗೆ ಭಾನುವಾರ ಪೂರ್ತಿ ಕೂತು ಒಂದೊಂದೇ ಕಲ್ಲು ಬಕೆಟ್‌ಗೆ ತೆಗೆದು ಹಿಡಿಯಬೇಕಾಯಿತು. ಅಷ್ಟು ಹೊತ್ತಿಗೆ ಕ್ಲೌನ್‌ಗಳು ಹೋಗಿದ್ದವು.

ಆಮೇಲೆ ಕೂತು ಯೋಚಿಸಿದೆ. ಈ ಡ್ಯಾಮ್ಸೆಲ್ ಕಡಲಲ್ಲೂ ಹೀಗೇ ಇರುತ್ತದೆ, ತನ್ನ ಹವಳದ ಗೊಂಚಲಿನ ಹತ್ತಿರ ಬಂದವರನ್ನು ಅಟ್ಟುತ್ತದೆ. ಅಲ್ಲಿ ಅಟ್ಟಿಸಿಕೊಂಡ ಮೀನು ನಾಲ್ಕು ಮಾರು ಆಚೆ ಹೋದರೆ ಜಗಳ ಮುಗಿಯಿತು. ನಮ್ಮ ಟ್ಯಾಂಕ್‌ನಲ್ಲಿ ಆ ನಾಲ್ಕು ಮಾರು ಇಲ್ಲ. ಒಂದು ಮಾರೂ ಇಲ್ಲ. ಅದಕ್ಕೇ ಈಗ ಯಾವ ಮೀನು ನೋಡಿದರೂ ನಾನು ಕೇಳಿಕೊಳ್ಳುವುದು ಇಷ್ಟೆ: ಇದು ಜಗಳ ತೆಗೆದರೆ ಸೋತವನು ಎಲ್ಲಿಗೆ ಹೋಗಬೇಕು?

ಜಗಳ ಯಾರ ಜೊತೆ ಅನ್ನುವುದಕ್ಕೂ ಒಂದು ರೀತಿ ಇದೆ. ತನ್ನ ಹಾಗೇ ಕಾಣುವವನ ಜೊತೆ, ತನ್ನ ಊಟವನ್ನೇ ತಿನ್ನುವವನ ಜೊತೆ, ತಾನು ಮಲಗುವ ತೂತನ್ನೇ ಕೇಳುವವನ ಜೊತೆ. ಎರಡು ಟ್ಯಾಂಗ್ ಮೀನು ಒಂದೇ ಆಕಾರದವಾದರೆ ಸಣ್ಣ ಟ್ಯಾಂಕ್‌ನಲ್ಲಿ ಸಾಧಾರಣವಾಗಿ ಹೊಂದುವುದಿಲ್ಲ, ಬಾಲದ ಬುಡದಲ್ಲಿ ಬ್ಲೇಡಿನಂಥ ಮುಳ್ಳು ಬೇರೆ ಇರುತ್ತದೆ. ಇನ್ನೊಂದು ಮಾತು. ಅಂಗಡಿಯಲ್ಲಿ ಎರಡು ಇಂಚು ಇರುವ ನೀಲಿ ಟ್ಯಾಂಗ್ ಬೆಳೆದರೆ ಒಂದಡಿ. ಅದು ನನ್ನ ಮೂರಡಿ ಟ್ಯಾಂಕ್‌ನಲ್ಲಿ ತಿರುಗುವುದಾದರೂ ಹೇಗೆ? ಮಕ್ಕಳು ಎಷ್ಟು ಹಟ ಮಾಡಿದರೂ ತರಬೇಡಿ.

ಮೋಸ ಹೋಗುವ ಒಂದು ಜೋಡಿ ಹೇಳುತ್ತೇನೆ. ರಾಯಲ್ ಗ್ರಾಮಾ ಅಂತ ಕೆರಿಬಿಯನ್ ಕಡಲಿನ ಮೀನು, ಮುಂದಿನ ಅರ್ಧ ನೇರಳೆ, ಹಿಂದಿನ ಅರ್ಧ ಹಳದಿ. ತನ್ನ ಗುಹೆಯ ಹತ್ತಿರ ಬಂದರೆ ಬಾಯಿ ಅಗಲ ಮಾಡಿ ಹೆದರಿಸುತ್ತದೆ, ಅಷ್ಟೆ. ರಾಯಲ್ ಡಾಟಿಬ್ಯಾಕ್ ಪೆಸಿಫಿಕ್ ಕಡೆಯದು, ಅದೂ ಅರ್ಧ ನೇರಳೆ ಅರ್ಧ ಹಳದಿ, ರೌಡಿ. ಗಾಜಿಗೆ ಮೂಗು ಹಚ್ಚಿ ನೋಡಿ. ಗ್ರಾಮಾದಲ್ಲಿ ನೇರಳೆ ನಿಧಾನವಾಗಿ ಚುಕ್ಕೆ ಚುಕ್ಕೆಯಾಗಿ ಹಳದಿಗೆ ಇಳಿಯುತ್ತದೆ, ಬೆನ್ನಿನ ರೆಕ್ಕೆಯ ಮುಂಭಾಗದಲ್ಲಿ ಒಂದು ಕಪ್ಪು ಚುಕ್ಕೆ ಇರುತ್ತದೆ. ಡಾಟಿಬ್ಯಾಕ್‌ನಲ್ಲಿ ಸ್ಕೇಲ್ ಇಟ್ಟು ಗೆರೆ ಎಳೆದ ಹಾಗೆ ಎರಡು ಬಣ್ಣ, ಕಪ್ಪು ಚುಕ್ಕೆ ಇಲ್ಲ.

ಇನ್ನು ಮೀನು ಮೀನಿಗೆ ಹೊಂದಿದರೆ ಸಾಲದು, ಹವಳಕ್ಕೂ ಹೊಂದಬೇಕು. ಮುರ್ಡೇಶ್ವರದಿಂದ ನೇತ್ರಾಣಿಗೆ ಡೈವಿಂಗ್ ಹೋದವರು ಬಟರ್‌ಫ್ಲೈ ಮೀನು ನೋಡಿರುತ್ತೀರಿ. ಎಷ್ಟು ಚೆಂದ ಅಲ್ವಾ? ಅವುಗಳಲ್ಲಿ ಬಹಳಷ್ಟಕ್ಕೆ ಹವಳದ ಪಾಲಿಪ್ಪೇ, ಅಂದರೆ ಹವಳದ ಪುಟ್ಟ ಜೀವಿಯೇ ಊಟ. ಟ್ರಿಗರ್ ಮೀನುಗಳಲ್ಲಿ ಹೆಚ್ಚಿನವು ಏಡಿ, ಸಿಗಡಿ, ಬಸವನಹುಳು ಬಿಡುವುದಿಲ್ಲ. ಲಯನ್ ಫಿಶ್ ಹವಳ ಮುಟ್ಟುವುದಿಲ್ಲ, ಬಾಯಿಗೆ ಹಿಡಿಸುವ ಮೀನನ್ನೆಲ್ಲ ನುಂಗುತ್ತದೆ. ಹವಳದ ಮಾತು ಬಂತು, ಒಂದು ಎಚ್ಚರಿಕೆ: ಬಂಡೆ ಕಟ್ಟುವ ಹವಳಗಳಿಗೂ ಕಡಲಕುದುರೆಗಳಿಗೂ ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಕಡಲಿಂದ ಕಿತ್ತು ತಂದಿದ್ದನ್ನು ಯಾರೋ ಮೆಲ್ಲಗೆ ಮಾರಲು ಬಂದರೆ ಬೇಡ ಅನ್ನಿ.

ಯಾರ ತಂಟೆಗೂ ಹೋಗದ ಮೀನಿಗೂ ಕಷ್ಟ ಇದೆ. ಮ್ಯಾಂಡರಿನ್ ಅಂತ ಒಂದಿದೆ, ರೇಷ್ಮೆ ಸೀರೆ ಹಾಸಿದ ಹಾಗೆ ಬಣ್ಣ. ಅದು ಕಲ್ಲಿನ ಮೇಲೆ ಹರಿದಾಡುವ ಕೋಪಿಪಾಡ್ ಅನ್ನುವ ಚುಕ್ಕೆಯಂಥ ಜೀವಿಗಳನ್ನು ದಿನವಿಡೀ ಹೆಕ್ಕಿ ತಿನ್ನುತ್ತದೆ. ಹೊಸ ಟ್ಯಾಂಕ್‌ನಲ್ಲಿ ಅವು ಸಾಕಷ್ಟು ಇರುವುದಿಲ್ಲ. ಹೀಗಾಗಿ ಎಲ್ಲರ ಜೊತೆ ಚೆನ್ನಾಗಿದ್ದುಕೊಂಡೇ ಹಸಿದು ಸಾಯುತ್ತದೆ.

ಈಗ ನನ್ನ ಟ್ಯಾಂಕ್‌ನಲ್ಲಿ ಇರುವ ಸಂಸಾರ ಹೇಳುತ್ತೇನೆ. ಎರಡನೇ ಸಲ ಮೀನು ಹಾಕದೆ ಮಾರ್ಕೆಟ್‌ನ ಒಂದು ಸಿಗಡಿ ಕೊಳೆಯಲು ಬಿಟ್ಟು ಬ್ಯಾಕ್ಟೀರಿಯಾ ಬೆಳೆಸಿದೆ. ಮನೆಯಲ್ಲಿ ವಾಸನೆಗೆ ಬೈಸಿಕೊಂಡೆ. ಆಮೇಲೆ ಹೆದರುಪುಕ್ಕಲ ಮೊದಲು ಬಂತು: ಫೈರ್‌ಫಿಶ್. ಬೆದರಿದರೆ ಹೊರಗೆ ಹಾರುತ್ತದೆ, ಅದಕ್ಕೆ ಟ್ಯಾಂಕ್ ಮೇಲೆ ಸೊಳ್ಳೆ ಜಾಲರಿ ಬಿಗಿದಿದ್ದೇನೆ. ಎರಡು ಮೂರು ವಾರ ಬಿಟ್ಟು ಗೋಬಿ. ಗೋಬಿ ಅಂದರೆ ಮಂಚೂರಿ ನೆನಪಿಸಿಕೊಳ್ಳಬೇಡಿ, ಇದು ಬೆರಳುದ್ದದ ಹಳದಿ ಮೀನು. ಅದರ ಜೊತೆಗೆ ಒಂದು ಪಿಸ್ತೂಲ್ ಸಿಗಡಿ. ಸಿಗಡಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ, ಬುಲ್ಡೋಜರ್ ಹಾಗೆ ಮರಳು ತಳ್ಳಿ ಬಿಲ ತೋಡುತ್ತದೆ. ಗೋಬಿ ಬಾಗಿಲಲ್ಲಿ ಕಾವಲು. ಸಿಗಡಿ ಹೊರಗೆ ಬಂದಾಗಲೆಲ್ಲ ಒಂದು ಮೀಸೆ ಗೋಬಿಯ ಮೈಮೇಲೆ ಇಟ್ಟಿರುತ್ತದೆ. ಗೋಬಿ ಬಾಲ ಅದುರಿಸಿದರೆ ಸಿಗಡಿ ಒಳಗೆ. ನಾನು ರಾತ್ರಿ ಊಟದ ತಟ್ಟೆ ಹಿಡಿದುಕೊಂಡು ಇದನ್ನು ನೋಡುತ್ತಾ ಕೂತರೆ ಸಾರು ಆರಿ ಹೋಗಿರುತ್ತದೆ.

ಅವರ ನಂತರ ರಾಯಲ್ ಗ್ರಾಮಾ, ಎಲ್ಲರಿಗಿಂತ ಕೊನೆಗೆ ಕ್ಲೌನ್ ಜೋಡಿ. ಕ್ಲೌನ್‌ಗಳು ಹುಟ್ಟುವಾಗ ಎಲ್ಲವೂ ಗಂಡೇ ಆಗಿ ಬೆಳೆಯುತ್ತವೆ, ಜೋರಾದದ್ದು ಆಮೇಲೆ ಹೆಣ್ಣಾಗುತ್ತದೆ. ಅದಕ್ಕೆ ಎರಡು ಸಣ್ಣವನ್ನೇ, ಒಂದು ಇನ್ನೊಂದಕ್ಕಿಂತ ಸ್ವಲ್ಪ ದೊಡ್ಡದಿರುವ ಹಾಗೆ ನೋಡಿ ತಗೊಳ್ಳಿ. ಎರಡೂ ದೊಡ್ಡ ಹೆಣ್ಣಾದರೆ ಒಂದೇ ಉಳಿಯುತ್ತದೆ. ಸಾಕಣೆಯಲ್ಲಿ ಹುಟ್ಟಿದವನ್ನೇ ಕೇಳಿ. ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ತಮಿಳುನಾಡಿನ ಮಂಡಪಂನಲ್ಲಿ ಇವುಗಳ ಮರಿ ಮಾಡಿಸಿದ್ದಾರೆ, ಕಡಲಿಂದಲೇ ಹಿಡಿಯಬೇಕು ಅಂತೇನಿಲ್ಲ. ಯಾವ ಮೀನು ಬಂದರೂ ಈಗ ಒಂದು ತಿಂಗಳು ಬೇರೆ ಟ್ಯಾಂಕ್‌ನಲ್ಲಿ ಇದ್ದು, ಚುಕ್ಕೆ ಗಿಕ್ಕೆ ಇಲ್ಲ ಅಂತ ಗೊತ್ತಾದ ಮೇಲೆಯೇ ಒಳಗೆ. ಐದು ಮೀನಿಗೆ ನಿಲ್ಲಿಸಿದ್ದೇನೆ.

ಆ ಡ್ಯಾಮ್ಸೆಲ್ ಏನಾಯಿತು ಅಂತ ನೀವು ಕೇಳಬಹುದು. ಅಂಗಡಿಯವನು ವಾಪಸ್ ತಗೊಳ್ಳಲಿಲ್ಲ. ಅಡುಗೆಮನೆ ಪಕ್ಕದ ಎರಡಡಿ ಟ್ಯಾಂಕ್‌ನಲ್ಲಿ ಒಬ್ಬನೇ ಇದ್ದಾನೆ. ಅಮ್ಮ ಅವನನ್ನು ಯಜಮಾನ್ರು ಅಂತ ಕರೆಯುತ್ತಾರೆ. ಬೆಳಿಗ್ಗೆ ಕಾಫಿ ಲೋಟ ಹಿಡಿದುಕೊಂಡು ಹತ್ತಿರ ಹೋದರೆ ಗಾಜಿನ ಆಚೆಯಿಂದಲೇ ಅವರ ಬೆರಳು ಕಚ್ಚಲು ಬರುತ್ತಾನೆ. "ಹಸಿವು ಕಣೋ ಅದಕ್ಕೆ" ಅಂತ ಅಮ್ಮ ಈಗಲೂ ಹೇಳುತ್ತಾರೆ.

ನಮಸ್ಕಾರ.